ಮಾಯವ್ವನ ಚಿತ್ರ

ಗೋಕಾಕದ ಕಲಾ ಪ್ರದರ್ಶನದಲ್ಲಿ ಆ ಚಿತ್ರವನ್ನು ಕಂಡು ಶೀತಲ್ ನಿಂತುಬಿಟ್ಟಳು. ಖಾಲಿ ಕೊಡ ಇಟ್ಟುಕೊಂಡ ಹೆಂಗಸರು ಬಾವಿಯಿಂದ ದೂರ ಕುಳಿತು, ಯಾರಾದರೂ ನೀರು ಸುರಿದಾರೆಂದು ಕಾಯುತ್ತಿದ್ದರು. ಅವರ ನಡುವಿನ ಹುಡುಗಿಯ ಗಲ್ಲದ ಮೇಲೆ ದೊಡ್ಡ ಮಚ್ಚೆ. ಅದು ತನ್ನ ಅಜ್ಜಿ ಉದ್ದವ್ವ. ಕೆಳಗಿನ ಚೀಟಿಯಲ್ಲಿ ‘ಹಳ್ಳಿಯ ಸೊಬಗು, ಕಲಾವಿದ ಅಜ್ಞಾತ’ ಎಂದಿತ್ತು.

ಉದ್ದವ್ವನ ಅಕ್ಕ ಮಾಯವ್ವ ಮೂಡಲಗಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಹುಕ್ಕೇರಿಯ ಪ್ರದರ್ಶನಕ್ಕೆ ಕೊಟ್ಟ ಅವಳ ಚಿತ್ರ ತಿರುಗಿ ಬರಲೇ ಇಲ್ಲ. ಕಳೆದುಹೋಯಿತೆಂದು ಸಮಿತಿಯವರು ಕೈತೊಳೆದುಕೊಂಡಿದ್ದರು.

ಪ್ರದರ್ಶನ ಏರ್ಪಡಿಸಿದ್ದ ರಾಚಪ್ಪನಿಗೆ ಶೀತಲ್ ಇದನ್ನು ಹೇಳಿದಳು.

“ಮಚ್ಚಿ ನೋಡಿ ಹೆಸರ ಹಾಕಾಕ ಆಗೂದಿಲ್ರಿ ಅಕ್ಕಾರ. ಇದು ನಮ್ಮ ಅಪ್ಪಾರ ಕಾಲದಿಂದ ಮನ್ಯಾಗ ಐತಿ. ಪುರಾವೆ ಇದ್ರ ತೊಗೊಂಡ ಬರ್ರಿ.”

ಶೀತಲ್ ಹುಕ್ಕೇರಿಗೆ ಹೋದಳು. ಹಳೆಯ ಸಮಿತಿಯ ಕಾಗದಗಳು ಶಿವಪುತ್ರ ಎಂಬ ನಿವೃತ್ತ ಮಾಸ್ತರರ ಮನೆಯಲ್ಲಿದ್ದವು. ಆ ವರ್ಷದ ಪ್ರದರ್ಶನದ ಪಟ್ಟಿಯನ್ನು ಅವರೇ ಹುಡುಕಿ ತೆಗೆದರು. ನಲವತ್ತೊಂದನೆಯದು: ‘ನೀರಿಗೆ ಕಾದವರು, ಜಲವರ್ಣ, ಮಾಯವ್ವ, ಮೂಡಲಗಿ.’ ಬದಿಯಲ್ಲಿ ಬೇರೆ ಶಾಯಿಯಲ್ಲಿ, ‘ಅಧ್ಯಕ್ಷರ ಮನೆಗೆ.’

“ಇದು ಕಳದಿಲ್ಲವಾ ತಂಗಿ,” ಎಂದರು ಶಿವಪುತ್ರ. “ಒಯ್ದಾರ.”

ಅಧ್ಯಕ್ಷರು ಯಾರೆಂದು ಕೇಳಿದಾಗ ಅವರು ರಾಚಪ್ಪನ ತಂದೆಯ ಹೆಸರು ಹೇಳಿದರು. ಶೀತಲ್ ಪಟ್ಟಿಯ ನಕಲು ಮಾಡಿಸಿಕೊಂಡಳು.

ಮರುದಿನ ಅವಳು ಪಟ್ಟಿಯ ನಕಲಿನ ಜೊತೆ ಉದ್ದವ್ವನನ್ನೂ ಗೋಕಾಕಕ್ಕೆ ಕರೆತಂದಳು. ಜನರ ಮುಂದೆಯೇ ಚೌಕಟ್ಟನ್ನು ತಿರುಗಿಸಿದರು. ಹಿಂದೆ ಹುಕ್ಕೇರಿ ಸಮಿತಿಯ ಮುದ್ರೆ, ಅದೇ ಸಂಖ್ಯೆ.

ರಾಚಪ್ಪ ದನಿ ತಗ್ಗಿಸಿದ. “ಆತ್ರಿ, ಹೆಸರ ಹಾಕತೇನಿ. ಶೀರ್ಷಿಕೆ ಮಾತ್ರ ಹಂಗ ಇರ್ಲಿ. ನೋಡಾಕ ಬಂದ ಮಂದಿಗೆ ಬ್ಯಾಸರ ಆಗಬಾರದು.”

“ನಾ ಅಲ್ಲೇ ಕುಂತಿದ್ನೆಪಾ,” ಎಂದಳು ಉದ್ದವ್ವ. “ಸಂಜಿತನಕಾ ಯಾರೂ ಒಂದ ತಂಬಗಿ ನೀರ ಹಾಕಲಿಲ್ಲ. ನಮ್ಮ ನಾಲಿಗಿ ಒಣಗಿದ್ದು ನಿಮಗ ಸೊಬಗ ಕಾಣತೈತೇನು?”

ಹೊರಗಿನಿಂದ ಬಂದವರೊಬ್ಬರು ಫೋನ್ ಎತ್ತಿ ಚೀಟಿಯ ಫೋಟೋ ತೆಗೆದರು. ರಾಚಪ್ಪ ಆ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೊಸ ಚೀಟಿ ಬರೆಯುವುದರೊಳಗೆ ಶೀತಲ್ ಚಿತ್ರವನ್ನು ಗೋಡೆಯಿಂದ ಇಳಿಸಿದ್ದಳು. ತಡೆಯಲು ಅವನಿಗೆ ಧೈರ್ಯ ಬರಲಿಲ್ಲ.

ಮೂಡಲಗಿ ಬಸ್ಸಿನಲ್ಲಿ ಚಿತ್ರ ಉದ್ದವ್ವನ ತೊಡೆಯ ಮೇಲಿತ್ತು. ಬಸ್ಸು ಅರಭಾವಿ ದಾಟಿತು.

“ಚಿತ್ರ ಕೇಳಾಕ ನಮ್ಮಕ್ಕ ಆ ಅಧ್ಯಕ್ಷರ ಮನಿಗೆ ಹೋಗಿದ್ಲು,” ಎಂದಳು ಉದ್ದವ್ವ. “ಅಂಗಳದಾಗ ನಿಲ್ಲಿಸಿ, ಸಿಕ್ಕಿಲ್ಲ ಅಂತ ಹೇಳಿ ಕಳಿಸಿದ್ರು. ಒಳಗ ಕರದಿದ್ರ ಗ್ವಾಡಿ ಮ್ಯಾಲ ಕಾಣತಿತ್ತಲ್ಲ.”