ನೀರು ತುಂಬುವ ಭಾನುವಾರ

ನೆಲಮಹಡಿಯಿಂದ ಬಂದಿದ್ದ ಟೈಲರಮ್ಮ ಚಹಾ ಸೋಸುವ ಜಾಲರಿಯನ್ನು ಬಚ್ಚಲಿನ ಟಬ್ಬಿಗೆ ಇಳಿಸಿ ಎರಡನೆಯ ಮೀನನ್ನು ಮೂಲೆಗೆ ಅಟ್ಟುತ್ತಿದ್ದರು. ಮೊದಲನೆಯದು ಆಗಲೇ ಲೋಟದಲ್ಲಿತ್ತು.

"ಇನ್ನೇನು ಎಲ್ಲರೂ ಮಣ್ಣುಕಾಲಲ್ಲಿ ಬರ್ತಾರೆ. ಬಚ್ಚಲು ತುಂಬ ನೀನೇ ಇದ್ರೆ ಅವರು ಎಲ್ಲಿ ತೊಳ್ಕೋಬೇಕು?" ಎಂದು ಮೀನನ್ನೇ ಕೇಳಿದರು. "ನಡಿ ನಿನ್ನ ಅರಮನೆಗೆ."

ಅಷ್ಟರಲ್ಲಿ ಮಣ್ಣು ಮಾಡಲು ಹೋದವರು ಹಿಂತಿರುಗಿದರು. ಮುಂದೆ ಸತ್ತವನ ಹೆಂಡತಿ, ಅವಳ ತೋಳು ಹಿಡಿದು ಅತ್ತೆ, ಹಿಂದೆ ಅವನ ಗೆಳೆಯ. ಗೆಳೆಯನೂ ಅವನಂತೆ ಲಿಫ್ಟ್ ಮೆಕ್ಯಾನಿಕ್. ಇಬ್ಬರೂ ಒಂದೇ ಕಡೆ ಕೆಲಸಕ್ಕಿದ್ದರು. ನಿನ್ನೆ ಊಟ ಮುಗಿಸಿ ಮಲಗಿದ ಗಂಡ ಏಳದೆ ಹೋದಾಗಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ. ಕೂರು ಎಂದರೆ ಕೂತಿದ್ದಳು, ಏಳು ಎಂದರೆ ಎದ್ದಿದ್ದಳು.

ಲೋಟ ಹಿಡಿದ ಟೈಲರಮ್ಮ ನಡುಮನೆಯ ಮೂಲೆಯ ಗಾಜಿನ ಮೀನುತೊಟ್ಟಿಯತ್ತ ಹೊರಟಿದ್ದರು. ತೊಟ್ಟಿಯೊಳಗೆ ಹಿಂಬದಿಯ ಗಾಜಿಗೆ ಬೂದುಬಣ್ಣದ ಗುಡ್ಡವೊಂದು ಅಂಟಿಕೊಂಡಿತ್ತು. ಅದರ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಅವರು ಆಗಲೇ ಒಗೆದು ಹರವಿದ್ದರು. ತಳಕ್ಕೆ ಒಂದು ಬಕೆಟ್ ನೀರನ್ನೂ ಸುರಿದಿದ್ದರು.

"ಬಿಡಬೇಡಿ," ಎಂದಳು ಅವಳು.

ಎಲ್ಲರೂ ತಿರುಗಿ ನೋಡಿದರು.

"ಸಿಮೆಂಟು ಇನ್ನೂ ಸುಣ್ಣ ಬಿಡುತ್ತೆ. ಮೀನು ಸಾಯ್ತವೆ. ದಿನಾ ನೀರು ಬದಲಾಯಿಸಿ, ಅದರ ಸಿಟ್ಟು ಇಳಿದ ಮೇಲೇ ಬಿಡಬೇಕು ಅಂತ ಅವರು ಅಂದಿದ್ರು."

"ಅಯ್ಯೋ, ಒಳ್ಳೇದು ಮಾಡೋಕೆ ಹೋಗಿ ಇನ್ನೊಂದು ಹೆಣ ಬೀಳಿಸ್ತಿದ್ದೆ," ಎಂದ ಟೈಲರಮ್ಮ, ಆಡಿದ್ದು ಏನೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಅತ್ತೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು, ನಗುತ್ತಿದ್ದರು.

*

ಆ ಮನೆಯ ಕಿಟಕಿ ತೆರೆದರೆ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಗೋಡೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು, "ಇದನ್ನ ಮುಚ್ಚಿದ್ರೇ ಹೆಚ್ಚು ಕಾಣುತ್ತೆ," ಎಂದಿದ್ದಳು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ.

"ಇರು, ಮೀನಿನ ತೊಟ್ಟಿಯೊಳಗೆ ನಿನಗೊಂದು ಗುಡ್ಡ ಕಟ್ಟಿಕೊಡ್ತೀನಿ."

ಹೊಸ ಲಿಫ್ಟಿನ ಬಿಡಿಭಾಗಗಳು ಬರುತ್ತಿದ್ದ ಪೆಟ್ಟಿಗೆಗಳಿಂದ ಥರ್ಮಾಕೋಲ್ ತಂದು, ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಕೆತ್ತಿದ. ಬಿಳಿ ಕಾಳುಗಳು ಅವಳ ಕೂದಲಿಗೆ, ಅವನ ಹುಬ್ಬಿಗೆ ಅಂಟಿದವು, ತಟ್ಟೆಗೂ ಬಿದ್ದವು.

"ಇದು ಅನ್ನವೋ ಗುಡ್ಡವೋ?"

"ಅಗಿದು ನೋಡು. ಕಿರ್ರ್ ಅಂದ್ರೆ ಗುಡ್ಡ."

ಸಿಮೆಂಟನ್ನು ಹಾಲಿನಂತೆ ತೆಳ್ಳಗೆ ಕಲಸಿ, ಹಳೆಯ ಬ್ರಷ್ಷಿನಿಂದ ಪದರದ ಮೇಲೆ ಪದರ ಬಳಿದ. ಒಣಗಿದಾಗ ಅದು ಹೊರಲಾಗದ ಬಂಡೆಯಂತೆ ಕಂಡಿತು. ಅಲ್ಲೇ ಅವನು ಮೋಸಹೋದ. ಥರ್ಮಾಕೋಲನ್ನು ತಾನೇ ಕೆತ್ತಿದವನು, ಬಂಡೆಯಂತೆ ಕಂಡದ್ದೇ ತಡ ಬಂಡೆಯೆಂದು ನಂಬಿ, ಅಂಟು ಹಾಕದೆ ಹಾಗೇ ನಿಲ್ಲಿಸಿ ನೀರು ಬಿಟ್ಟ. ತೊಟ್ಟಿ ಅರ್ಧ ತುಂಬುವಷ್ಟರಲ್ಲಿ ಗುಡ್ಡ ಸದ್ದಿಲ್ಲದೆ ಎದ್ದು, ಬೋರಲಾಗಿ, ತೇಲಿತು. ಅವಳು ಅಂಗೈಯಿಂದ ಒತ್ತಿ ಹಿಡಿದಳು. ಕೈ ತೆಗೆದರೆ ಮತ್ತೆ ಮೇಲೆ.

"ಲಿಫ್ಟಿನವನು ಕಟ್ಟಿದ ಗುಡ್ಡ, ಮೇಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ ಅತ್ತಿಗೆ?" ನೋಡಲು ಬಂದಿದ್ದ ಗೆಳೆಯ ನೆಲದ ಮೇಲೆ ಕೂತು ನಕ್ಕ.

"ಮುಂದಿನ ಸಲ ನಿಲ್ಲುತ್ತೆ ಕಣೋ."

"ನಿಂತ್ರೆ, ನಿಮ್ಮನೆಗೆ ಬಂದಾಗೆಲ್ಲ ಮೆಟ್ಟಿಲಲ್ಲೇ ಹತ್ತಿ ಇಳೀತೀನಿ. ನಾನು ಸಾಯೋ ತನಕ."

ಅವರದು ಎಲ್ಲಕ್ಕಿಂತ ಮೇಲಿನ ಮಹಡಿ. ಲಿಫ್ಟಿನವರಿಗೆ ಅದಕ್ಕಿಂತ ದೊಡ್ಡ ಪಣವಿಲ್ಲ.

ಎರಡನೆಯ ಗುಡ್ಡವನ್ನು ಗಾಜಿಗೆ ಸಿಲಿಕೋನ್ ಅಂಟಿನಿಂದ ಕೂರಿಸಿದ. ಸಿಮೆಂಟು ಬಿರಿಯದಂತೆ ಒದ್ದೆ ಬಟ್ಟೆ ಹೊದಿಸಿ, "ಪಾಪ, ಜ್ವರ," ಎಂದ. ಆಮೇಲೆ ಅಮ್ಮನಿಗೆ, ಗೆಳೆಯನಿಗೆ, ನೆಲಮಹಡಿಯ ಟೈಲರಮ್ಮನಿಗೆ ಹೇಳಿ ಬಂದ: "ಭಾನುವಾರ ಎಲ್ಲರೂ ಬನ್ನಿ. ನೀರು ತುಂಬೋದಿದೆ."

*

"ಇವತ್ತು ಭಾನುವಾರ," ಎಂದ ಗೆಳೆಯ. "ಅವನು ಕರೆದಿದ್ದು ಇವತ್ತಿಗೇ."

"ನನ್ನನ್ನೂ ಕರೆದಿದ್ದ," ಎಂದರು ಅತ್ತೆ. "ಮೊಣಕಾಲು ನೋವು, ಬರೋಕಾಗಲ್ಲ ಹೋಗೋ ಅಂದಿದ್ದೆ. ನೋಡಿ, ಬಂದೇಬಿಟ್ಟೆ."

ಟೈಲರಮ್ಮ ಮೀನನ್ನು ಮತ್ತೆ ಟಬ್ಬಿಗೆ ಬಿಟ್ಟು ಬಂದರು.

"ಮತ್ತೆ ತೇಲಿದ್ರೆ?" ಎಂದು ಅತ್ತೆಯೇ ಮೆಲ್ಲಗೆ ಕೇಳಿದರು.

ಅವಳು ಗುಡ್ಡವನ್ನು ನೋಡಿದಳು. ತೇಲಿದರೆ ಇನ್ನೊಂದು ಕಟ್ಟಲು ಅವನಿಲ್ಲ. ನೀರನ್ನೇ ತುಂಬದಿದ್ದರೆ ಅದು ಎಂದೆಂದಿಗೂ ನಿಂತೇ ಇರುತ್ತದೆ.

"ತುಂಬಿ," ಎಂದಳು.

ಅಡುಗೆಮನೆಯ ನಲ್ಲಿಯ ಬಳಿ ಟೈಲರಮ್ಮ, ನಡುವೆ ಅತ್ತೆ, ತೊಟ್ಟಿಯ ಬಳಿ ಗೆಳೆಯ. ಬಕೆಟ್ಟುಗಳು ಕೈಯಿಂದ ಕೈಗೆ ಸಾಗಿದವು.

"ಅಮ್ಮಾ, ನೀವು ಕೂತ್ಕೊಳ್ಳಿ."

"ಸುಮ್ನಿರೋ. ನೀನು ಚೆಲ್ಲಿದ್ದನ್ನ ಕೂಡಿಸಿದ್ರೆ ಇನ್ನೊಂದು ತೊಟ್ಟಿ ತುಂಬ್ತಿತ್ತು."

"ಲಿಫ್ಟಿನವರಿಗೆ ನೇರವಾಗಿ ನಡೆಯೋಕೆ ಬರಲ್ಲ ಬಿಡಿ," ಎಂದು ಒಳಗಿನಿಂದ ಟೈಲರಮ್ಮ ಕೂಗಿದರು. "ಮೇಲೆ ಕೆಳಗೆ ಅಷ್ಟೇ."

ಅವಳು ತೊಟ್ಟಿಯೊಳಗೆ ಕೈಯಿಳಿಸಿ ಗುಡ್ಡದ ನೆತ್ತಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ನೆತ್ತಿಯ ಮೇಲೆ ಅವನ ಹೆಬ್ಬೆರಳು ಒತ್ತಿದ್ದ ಸಣ್ಣ ಗುಳಿ ಕೈಗೆ ತಾಗುತ್ತಿತ್ತು. ನೀರು ಬುಡ ದಾಟಿತು, ನಡು ದಾಟಿತು, ಬೆರಳುಗಳನ್ನು ಮುಚ್ಚಿತು, ಮುಂಗೈಗೆ ಏರಿತು. ಗೆಳೆಯ ಕೊನೆಯ ಬಕೆಟ್ಟನ್ನು ಸುರಿದು ಕೆಳಗಿಟ್ಟ.

"ಕೈ ತೆಗಿ ಮಗಳೇ."

"ಇರಿ ಅತ್ತೆ."

"ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ತೀಯ?"

ಅವಳು ಒಂದೊಂದೇ ಬೆರಳನ್ನು ಎತ್ತಿದಳು. ಕಿರುಬೆರಳು ಉಳಿಯಿತು. ಅದನ್ನೂ ಎತ್ತಿದಳು.

ಗುಡ್ಡ ಅಲುಗಲಿಲ್ಲ. ಯಾವುದೋ ಸಂದಿಯಿಂದ ಒಂದು ಬಿಳಿ ಕಾಳು ಮಾತ್ರ ಎದ್ದು ಬಂದು ನೀರಿನ ಮೇಲೆ ತಿರುಗತೊಡಗಿತು.

"ಗೆದ್ದ, ಕಳ್ಳ," ಎಂದ ಗೆಳೆಯ.

"ಯಾರಿಗೆ ಕಳ್ಳ ಅಂತೀಯೋ?" ಎಂದು ಅತ್ತೆ ಅವನ ಬೆನ್ನಿಗೆ ಒಂದು ಹಾಕಿದರು. ಆಮೇಲೆ ಆ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು.

"ನಡೀರಿ, ಎಲ್ಲರೂ ನಮ್ಮನೇಲಿ ಕೈಕಾಲು ತೊಳ್ಕೊಳ್ಳಿ," ಎಂದು ಟೈಲರಮ್ಮ ಹೊರಡಿಸಿದರು. "ಇಲ್ಲಿನ ಬಚ್ಚಲು ಇನ್ನೂ ಸ್ವಲ್ಪ ದಿನ ಮೀನಿಂದೇ."

ಲಿಫ್ಟು ಬಂದು ಬಾಗಿಲು ತೆರೆಯಿತು. ಅತ್ತೆಯೂ ಟೈಲರಮ್ಮನೂ ಒಳಗೆ ಹೋಗಿ ಗೆಳೆಯನಿಗೆ ಜಾಗ ಬಿಟ್ಟು ನಿಂತರು. ಅವನು ಒಮ್ಮೆ ಲಿಫ್ಟನ್ನು, ಒಮ್ಮೆ ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿ, ಪ್ಯಾಂಟನ್ನು ತುಸು ಮೇಲೆಳೆದುಕೊಂಡು ಮೆಟ್ಟಿಲ ಕಡೆ ತಿರುಗಿದ.

ಅವಳ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಮಹಡಿಯಿಂದ ಮಹಡಿಗೆ ಅವನ ಹೆಜ್ಜೆ ಇಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಅವನು ನಿಂತು, ಅವಳ ಗಂಡನನ್ನು ಬಾಯಿತುಂಬ ಬೈದು, ಮತ್ತೆ ಇಳಿಯುತ್ತಿದ್ದ.