ಇವತ್ತೊಂದಿನ ಇಲ್ಲದವರು

"ಇನ್ನೂ ಹುಲ್ಲು ಕಾಣ್ತದಲ್ಲೇ ಮುಂಡೆ. ಸೊಪ್ಪು ಹಾಕು ಅಂದ್ರೆ ಸರೀ ಹಾಕು. ಮನೆ ಅಂತ ಗೊತ್ತಾಗ್ಲೇ ಬಾರ್ದು."

ನಾಗಪತಿ ಹೆಗಡೇರು ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕೆಳಗೆ ದ್ಯಾವಿ ತನ್ನ ಬಿಡಾರದ ಹುಲ್ಲಿನ ಮಾಡಿನ ಮೇಲೆ ತಾನೇ ಸೊಪ್ಪು ಹೇರುತ್ತಿದ್ದಳು. ಹೆಗಡೇರ ತೋಟಕ್ಕೆ ಸೊಪ್ಪು ಹೊತ್ತು ಹೊತ್ತು ನೆತ್ತಿ ಸವೆದವಳು. ಆದರೆ ಸ್ವಂತ ಮನೆಯನ್ನು ಗೊಬ್ಬರದ ಗುಪ್ಪೆ ಮಾಡುವ ಕೆಲಸ ಅವಳಿಗೆ ಹೊಸದು. ಕೇರಿಯ ಎಲ್ಲ ಬಿಡಾರಗಳಿಗೂ ಬೆಳಗಿನಿಂದ ಇದೇ ಅಲಂಕಾರ ನಡೆದಿತ್ತು.

ಅದು ತೊಂಬತ್ತೈದರ ಬೇಸಿಗೆ. ಕೆರೆದಂಡೆಯ ಜಾಗ ತಮಗೆ ಬೇಕೆಂದು ಹೆಗಡೇರು ಸರಕಾರಕ್ಕೆ ಅರ್ಜಿ ಹಾಕಿದ್ದರು. ಅಲ್ಲಿ ನರಪಿಳ್ಳೆಯೂ ವಾಸವಿಲ್ಲ ಅಂತ ಸಿದ್ದಾಪುರದ ಸಾಹೇಬರು ಇವತ್ತು ಬಂದು ಕಣ್ಣಾರೆ ಕಂಡುಹೋದರೆ ದಂಡೆ ಹೆಗಡೇರದು. ದ್ಯಾವಿಯ ಮಾವ ಕೆರಿಯ, ಕೇರಿಗೆಲ್ಲ ಹಿರಿಯ, ಕೈ ಮುಗಿದು ಕೇಳಿದ.

"ನಾವ್ ಎಲ್ಲಿಗೆ ಹೋಗೂದು ಒಡ್ಯಾ?"

"ಎಲ್ಲಾದ್ರೂ ಹಾಳಾಗಿ ಹೋಗಿ. ಇವತ್ತೊಂದಿನ ನೀವು ಇಲ್ಲ ಅಂತ ತಿಳ್ಕಳಿ. ಇಲ್ದಿದ್ರೆ ನಾಳಿಂದ ನೀರಿಲ್ಲ, ಕೆಲಸವೂ ಇಲ್ಲ."

ನೀರು ಅಂದರೆ ಕಣ್ಣೆದುರಿನ ಕೆರೆಯದೇ. ಅದು ದೇವರ ಅಭಿಷೇಕದ ನೀರು, ಕೇರಿಯವರು ಮುಟ್ಟುವಂತಿಲ್ಲ. ದಿನಾ ಹೆಗಡೇರ ಆಳು ಬಂದು ಅವರ ಕೊಡಕ್ಕೆ ಮೇಲಿಂದ ಹೊಯ್ಯಬೇಕು. ಇವತ್ತು ಅವನೂ ಬರಲಿಲ್ಲ. ಇಲ್ಲದವರ ಕೊಡಕ್ಕೆ ಯಾರು ತಾನೇ ಹೊಯ್ದಾರು? ದ್ಯಾವಿಯ ಪುಟ್ಟ ಮಗಳು ಎದ್ದಾಗಿನಿಂದ ನೀರು ನೀರು ಅಂತ ಅಳುತ್ತಿತ್ತು. ಸದ್ದು ಕೇಳಬಾರದೆಂದು ದ್ಯಾವಿ ಅದರ ಬಾಯಿ ಮುಚ್ಚಿದಳು.

ಮುದುಕರು, ಮಕ್ಕಳು, ನಾಯಿ, ಕೋಳಿ ಸಮೇತ ಕೇರಿಗೆ ಕೇರಿಯೇ ಗುಡ್ಡ ಹತ್ತಿತು. ಅಲ್ಲಿ ಫಾರೆಸ್ಟ್ ಗಾರ್ಡ್ ವೀರಪ್ಪ, ಹಾವೇರಿ ಕಡೆಯವನು, ಕೋಲು ಹಿಡಿದು ಅಡ್ಡ ಬಂದ.

"ಯಾವೂರಲೇ ನಿಮ್ದು? ಅಡವಿ ಏನ್ ನಿಮ್ಮಪ್ಪಂದೇನು?"

"ಊರು ನಿನ್ನೆ ತಂಕ ಇತ್ತು ಸ್ವಾಮಿ," ಅಂದ ಕೆರಿಯ. "ಇವತ್ತು ನಾವು ಇಲ್ಲ. ಹೆಗಡೇರು ಹೇಳೀರು."

"ಇಲ್ಲದ ಸೂಳೇಮಕ್ಕಳು ನನ್ ಕಣ್ಣಿಗೆ ಹೆಂಗ ಕಾಣಾಕ ಹತ್ತೀರಿ? ಇಳೀರಿ ಕೆಳಗ. ಇಲ್ಲಾಂದ್ರ ಎಲ್ಲಾರ್ನೂ ಒಳಗ ಹಾಕ್ತೀನಿ."

ಒಳಗೆ ಹಾಕಿಸಿಕೊಂಡರೆ ಇದ್ದ ಹಾಗೇ ಲೆಕ್ಕ. ಹೆದರಿ ಇಳಿದು, ಬೇಲಿಯ ದಣಪೆ ದಾಟಿ ಹೆಗಡೇರ ತೋಟ ಹೊಕ್ಕರು. ಹೆಗಡೇರ ಹೆಂಡತಿ ಸೀತಮ್ಮ ಅಂಗಳದಿಂದಲೇ ತಡೆದರು.

"ಹೋಯ್, ಅಲ್ಲೇ ನಿಲ್ಲಿ. ಕೆಲಸ ಇಲ್ದೆ ತೋಟಕ್ಕೆ ಎಂತಕ್ಕೆ ಬಂದ್ರಿ? ಮಡಿಬಟ್ಟೆ ಹರವಿದ್ದು ಕಾಣ್ಸೂದಿಲ್ವ?"

ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ಕಾಡಿನಲ್ಲಿ ಇರಬಾರದು, ತೋಟದಲ್ಲಿ ಇರಬಾರದು, ಮನೆ ಇದ್ದ ಕಡೆ ಮನೆಯೇ ಇಲ್ಲ.

"ಮಾವಾ, ಇನ್ನು ಉಳದದ್ದು ಅದೊಂದೇ," ಅಂದಳು ದ್ಯಾವಿ, ಕೆರೆಯ ಕಡೆ ನೋಡಿ.

"ದೇವರ ನೀರು ಹೆಣ್ಣೇ ಅದು."

"ಇಲ್ದವ್ರು ಮುಟ್ಟಿರೆ ದೇವ್ರಿಗೆ ಹ್ಯಾಂಗೆ ಮೈಲಿಗೆ ಆಗ್ತದೆ?"

ಮಗಳನ್ನು ಹೆಗಲಿಗೇರಿಸಿಕೊಂಡು ಇಳಿದೇಬಿಟ್ಟಳು. ಹಿಂದೆ ಕೆರಿಯ, ಅವನ ಹಿಂದೆ ಇಡೀ ಕೇರಿ. ಕುತ್ತಿಗೆಮಟ್ಟ ನೀರಿನಲ್ಲಿ ಸಾಲಾಗಿ ನಿಂತರು.

ಸಾಹೇಬರು ಏರಿ ಹತ್ತಿ ಸೊಪ್ಪಿನ ಗುಪ್ಪೆಗಳನ್ನು ನೋಡಿ ಮೆಚ್ಚಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು.

"ನೀರಲ್ಲಿ ಏನ್ರೀ ಅದು, ಕಪ್ಪಗೆ?"

ಹೆಗಡೇರ ಮುಖ ಬಿಳಿಚಿತು. "ಎಮ್ಮೆ ಸರ್. ಮೀಯಕ್ಕೆ ಬಿಟ್ಟಿದ್ದು."

"ದೇವರ ಕೆರೆ ಅಂದ್ರಿ?"

"ಎಮ್ಮೆಗೆ ಎಂತ ಮೈಲಿಗೆ ಸರ್."

ಆ ಮಾತು ನೀರಿನ ಮೇಲೆ ಹಾಯ್ದು ದ್ಯಾವಿಯ ಕಿವಿಗೆ ಸರಿಯಾಗಿ ಬಿತ್ತು. ಅವಳಿಗೆ ಹೊಟ್ಟೆ ಉರಿಯಿತು, ನಗುವೂ ಬಂತು. ಬೊಗಸೆ ತುಂಬಿ ಮಗಳಿಗೆ ಕುಡಿಸಿದಳು, ತಾನೂ ಕುಡಿದಳು. ಕೆರಿಯ ಬಾಯಿ ಮುಕ್ಕಳಿಸಿ ಕೆರೆಗೇ ಉಗಿದ. ಹೆಗಡೇರ ನಾಲಿಗೆಯ ತುದಿಗೆ ಬೈಗುಳದ ಸರಮಾಲೆಯೇ ಬಂತು. ಆದರೆ ಬೈದರೆ ಅವರು ಇದ್ದಾರೆ ಅಂತಾಯಿತು, ದಂಡೆ ಕೈಬಿಟ್ಟ ಹಾಗಾಯಿತು. ನುಂಗಿಕೊಂಡು ಕೊಡೆ ಬೀಸಿದರು.

"ಹೋಯ್... ಹೋಯ್..."

ಒಂದು ತಲೆಯೂ ಅಲ್ಲಾಡಲಿಲ್ಲ.

"ಹೋಯ್ ಅಂದ್ರೆ ಏಳೂದಿಲ್ಲ ಒಡ್ಯಾ," ದ್ಯಾವಿ ನಿಂತಲ್ಲಿಂದಲೇ ಕೂಗಿದಳು. "ಹೆಸರು ಹಿಡ್ದು ಕರೀರಿ, ಬತ್ತೀವಿ."

ಸಾಹೇಬರು ಹೆಗಡೇರ ಕಡೆ ತಿರುಗಿದರು. ಹೆಗಡೇರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಕೇರಿ ನೀರಿನಲ್ಲಿ ಕಾಯುತ್ತಾ ನಿಂತಿತ್ತು.