ಹೂಗಂಬವಿಲ್ಲದ ಊರು

ಏಳನೇ ಅಧ್ಯಾಯ ತೆಗೆಯದಿದ್ದರೆ ನನ್ನ ಮೊದಲ ಕಾದಂಬರಿ ಅಚ್ಚಾಗುವುದಿಲ್ಲ ಎಂದು ಲಂಡನ್ನಿನ ಸಂಪಾದಕ ಜೂಲಿಯನ್ ಆಶ್‌ಕೂಮ್ ಫೋನಿನಲ್ಲಿ ಹೇಳಿದ. ಅದು ಉತ್ತರ ಇಂಗ್ಲೆಂಡಿನ ಕಂಬ್ರಿಯಾದಲ್ಲಿರುವ ನಮ್ಮ ಗಣಿಯೂರಿನ ಸೆಪ್ಟೆಂಬರ್ ಜಾತ್ರೆಯ ಅಧ್ಯಾಯ. ಕುದುರೆಯ ಕೊರಳಿಗೆ ಹಾಕುವ ತೊಗಲಿನ ಪಟ್ಟಿಯೊಳಗೆ ತಲೆ ತೂರಿಸಿ, ಎಲ್ಲರಿಗಿಂತ ವಿಕಾರವಾಗಿ ಮುಖ ಕಿವುಚಿದವರಿಗೆ ಇಲ್ಲಿ ಬಹುಮಾನ. ಚಪ್ಪಾಳೆ ಯಾರಿಗೆ ಜೋರೋ ಅವರೇ ಗೆದ್ದಂತೆ. ಆ ಅಧ್ಯಾಯದಲ್ಲಿ ನನ್ನ ಅಮ್ಮನೂ ಇದ್ದಾಳೆ.

"ಬಡವರನ್ನ ಗೇಲಿ ಮಾಡಿದ ಹಾಗಾಗುತ್ತೆ, ಲಿನೆಟ್. ಬದಲಿಗೆ ಹೂಗಂಬದ ಸುತ್ತ ಮಕ್ಕಳು ರಿಬ್ಬನ್ ಹಿಡಿದು ಕುಣಿಯೋದನ್ನ ಬರೀರಿ. ಇಂಗ್ಲಿಷ್ ಸಂಪ್ರದಾಯ ಅಂದ್ರೆ ಓದುಗರು ಹುಡುಕೋದು ಅದನ್ನೇ."

"ನಮ್ಮೂರಲ್ಲಿ ಹೂಗಂಬ ಇಲ್ಲ. ಒಂದ್ಸಲ ಬಂದು ನೋಡಿ, ಆಮೇಲೆ ಹೇಳಿ," ಎಂದೆ.

ಜಾತ್ರೆಗೆ ಬಂದ. ಕಾಲಲ್ಲಿ ಹೊಚ್ಚಹೊಸ ರಬ್ಬರ್ ಬೂಟು. ನನ್ನ ತಾಯಿ ಈನಿಡ್, ಮೀನು ಕರಿಯುವ ಅಂಗಡಿಯಲ್ಲಿ ದುಡಿದು ನಿವೃತ್ತಳಾದವಳು, ಅವನಿಗೆ ಚಹಾ ಕೊಟ್ಟು ಕೂರಿಸಿದಳು.

"ನಮ್ಮ ತಾತನ ಎಸ್ಟೇಟಲ್ಲಿ ಪ್ರತಿ ಮೇ ತಿಂಗಳು ಹೂಗಂಬದ ಕುಣಿತ ಇರ್ತಿತ್ತು," ಎಂದ ಜೂಲಿಯನ್.

"ಕುಣೀತಿದ್ದೋರು ಯಾರಪ್ಪಾ?"

"ಗೇಣಿದಾರರ ಮಕ್ಕಳು."

"ನೀನು?"

"ನಾವು ಮಹಡಿ ಮೇಲಿಂದ ನೋಡ್ತಿದ್ವಿ."

"ಅದಕ್ಕೇ ನಿಂಗೆ ಅಷ್ಟು ಚೆಂದ ಕಂಡಿದೆ," ಎಂದಳು ಅಮ್ಮ.

ಸ್ಪರ್ಧೆ ನಡೆಯುವ ಸಭಾಂಗಣ ಕಿಕ್ಕಿರಿದಿತ್ತು. ಮೊದಲು ಬಸ್ ಚಾಲಕ, ನಂತರ ಕಳೆದ ವರ್ಷ ಗೆದ್ದಿದ್ದ ಕಸಾಯಿ ಟಾಮ್ ಮುಖ ಕಿವುಚಿದರು. ಜೂಲಿಯನ್ ತನ್ನ ಬೂಟನ್ನೇ ನೋಡುತ್ತ, "ಇವರಿಗೆ ಅವಮಾನ ಆಗಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಅಮ್ಮನಿಗೆ ಕೇಳಿಸಿತು. ಎರಡೂ ಸಾಲಿನ ಕಟ್ಟುಹಲ್ಲು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟಳು. "ಗಟ್ಟಿಯಾಗಿ ಹಿಡ್ಕೋ. ಬೀಳಿಸಿದ್ರೆ ನೋಡು!"

ವೇದಿಕೆ ಹತ್ತಿ ಪಟ್ಟಿಯೊಳಗೆ ತಲೆ ತೂರಿಸಿದಳು. ಕೆಳತುಟಿ ಮೇಲೇರಿ ಮೂಗನ್ನೇ ನುಂಗಿತು. ಕಣ್ಣುಗುಡ್ಡೆ ಎರಡೂ ಒಂದರತ್ತ ಒಂದು ಹೊರಳಿದವು.

"ನಿಮ್ಮಮ್ಮ ಥೇಟ್ ನಿನ್ನ ಹಾಗೇ ಕಾಣ್ತಾಳೆ ಕಣೇ ಲಿನೆಟ್! ಕನ್ನಡಿ ನೋಡ್ಕೊಂಡ್ಯಾ ಇವತ್ತು?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಟಾಮ್. ಇಡೀ ಸಭಾಂಗಣ ಎದ್ದು ನಿಂತಿತು. ಕೈಯಲ್ಲಿ ಹಲ್ಲಿದ್ದುದರಿಂದ ಜೂಲಿಯನ್‌ಗೆ ಚಪ್ಪಾಳೆ ತಟ್ಟಲಾಗಲಿಲ್ಲ. ಬೂಟುಗಾಲಿನಿಂದ ನೆಲ ಗುದ್ದುತ್ತ, ಗಂಟಲು ಹರಿಯುವಂತೆ "ಈನಿಡ್! ಈನಿಡ್!" ಎಂದು ಕೂಗುತ್ತಿದ್ದ.

ಗೆದ್ದ ಅಮ್ಮ ಕೆಳಗಿಳಿದು ಬಂದು ಹಲ್ಲು ಹಾಕಿಕೊಂಡಳು.

"ಯಾರಾದ್ರೂ ನನ್ನ ಗೇಲಿ ಮಾಡಿದ್ರೇನಪ್ಪಾ?"

"ಇಲ್ಲ," ಎಂದ ಜೂಲಿಯನ್. ಅವನಿಗೆ ಇನ್ನೂ ಏದುಸಿರು.

"ಹಾಗಾದ್ರೆ ಪುಸ್ತಕದಲ್ಲಿ ನಾನಿರ್ತೀನೋ, ಇಲ್ವೋ?"

"ಇರ್ತೀರಿ. ಒಂದಕ್ಷರಾನೂ ಬದಲಾಗಲ್ಲ."

ಮುಂದಿನ ವಸಂತದಲ್ಲಿ ಕಾದಂಬರಿ ಬಂತು. ಏಳನೇ ಅಧ್ಯಾಯ ಇದ್ದ ಹಾಗೇ ಇದೆ. ಮುಖಪುಟದ ಚಿತ್ರ ಜೂಲಿಯನ್ನನ ಆಯ್ಕೆ: ಕುದುರೆಯ ಪಟ್ಟಿಯೊಳಗೆ ಅಮ್ಮ, ಹಲ್ಲಿಲ್ಲದೆ.